ಸ್ಕೀ ಪೆಟ್ರೋಲ್: ಸೋಂಕು ಮುನ್ನೆಚ್ಚರಿಕೆಗಳ ಇತಿಹಾಸ

ಹಿಮದ ಇಳಿಜಾರಿನಲ್ಲಿ ಗಾಯಗೊಂಡವರಿಗೆ ಪ್ರಥಮ ಚಿಕಿತ್ಸೆ ನೀಡಿ, ಜಾರುಬಂಡಿಯಲ್ಲಿ ಕೆಳಗಿಳಿಸುವ ರಕ್ಷಕರೇ ಸ್ಕೀ ಪೆಟ್ರೋಲರ್‌ಗಳು. ಗಾಯಾಳು ಮತ್ತು ರಕ್ಷಕರ ನಡುವೆ ಸೋಂಕು ದಾಟದಂತೆ ಇವರು ಪಾಲಿಸುವ ಕ್ರಮಗಳು ಒಂದೇ ಸಲಕ್ಕೆ ರೂಪುಗೊಂಡವಲ್ಲ. ಮೊದಲು ರಕ್ತದಿಂದ, ಆಮೇಲೆ ಉಸಿರಿನಿಂದ ಹರಡುವ ರೋಗಗಳ ಭೀತಿ ಅವನ್ನು ಹಂತಹಂತವಾಗಿ ಬೆಳೆಸಿತು.

ಹಿನ್ನೆಲೆ

1936ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಸ್ಟೋವ್‌ನಲ್ಲಿ ಸ್ಕೀ ಮಾಡುತ್ತಿದ್ದ ಚಾರ್ಲ್ಸ್ ಮೈನಟ್ ಡೋಲ್ ಕಾಲಿನ ಮೂಳೆ ಮುರಿದುಕೊಂಡರು. ಅದೇ ವರ್ಷ ಅವರ ಗೆಳೆಯ ಫ್ರಾಂಕ್ ಎಡ್ಸನ್ ಸ್ಕೀ ಪಂದ್ಯವೊಂದರಲ್ಲಿ ತೀರಿಕೊಂಡರು. ಈ ಆಘಾತಗಳ ಬೆನ್ನಲ್ಲೇ 1938ರಲ್ಲಿ ಡೋಲ್ 'ನ್ಯಾಷನಲ್ ಸ್ಕೀ ಪೆಟ್ರೋಲ್' ಕಟ್ಟಿದರು.

ರಕ್ತದ ಸೋಂಕು

1980ರ ದಶಕದ ಎಚ್‌ಐವಿ ಭೀತಿ ತುರ್ತು ಚಿಕಿತ್ಸೆಯ ರೀತಿಯನ್ನೇ ಬದಲಿಸಿತು. ಯಾರಲ್ಲಿ ಸೋಂಕಿದೆ ಎಂದು ನೋಡಿ ತಿಳಿಯಲಾಗದು. ಆದ್ದರಿಂದ ಎಲ್ಲರ ರಕ್ತವನ್ನೂ ಸೋಂಕಿತವೆಂದೇ ಭಾವಿಸಬೇಕು ಎಂಬ ತತ್ತ್ವವನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1987ರಲ್ಲಿ ವಿಸ್ತರಿಸಿ ಸಾರಿತು. ಅಮೆರಿಕದ 1991ರ ಕಾರ್ಮಿಕ ಸುರಕ್ಷತಾ ನಿಯಮದ ಪ್ರಕಾರ, ರಕ್ತದ ಸಂಪರ್ಕಕ್ಕೆ ಬರಬಹುದಾದ ನೌಕರರಿಗೆ ರಕ್ಷಣಾ ಸಾಧನಗಳನ್ನೂ ಹೆಪಟೈಟಿಸ್-ಬಿ ಲಸಿಕೆಯನ್ನೂ ಒದಗಿಸುವ ಹೊಣೆ ಮಾಲೀಕರದಾಯಿತು.

ಕೋವಿಡ್ ಕಾಲ

2020ರ ಆರಂಭದಲ್ಲಿ ಆಸ್ಟ್ರಿಯಾದ ಸ್ಕೀ ತಾಣ ಇಷ್‌ಗ್ಲ್‌ನಿಂದ ಕೋವಿಡ್ ಸೋಂಕು ಯೂರೋಪಿನ ಹಲವು ದೇಶಗಳಿಗೆ ಹಬ್ಬಿತು. ಮಾರ್ಚ್ 13ರಂದು ಆ ತಾಣವಿರುವ ಕಣಿವೆಗೆ ದಿಗ್ಬಂಧನ ಹೇರಲಾಯಿತು. ಮರುದಿನ ಕೊಲರಾಡೊ ಗವರ್ನರ್ ಜ್ಯಾರೆಡ್ ಪೋಲಿಸ್ ಆ ರಾಜ್ಯದ ಸ್ಕೀ ತಾಣಗಳನ್ನು ಮುಚ್ಚಲು ಆದೇಶಿಸಿದರು. ಮುಂದಿನ ಚಳಿಗಾಲಕ್ಕೆ ಅನೇಕ ತಾಣಗಳು ತೆರೆದಾಗ ರಕ್ಷಣಾ ಕಾರ್ಯದ ಪ್ರತಿ ಹೆಜ್ಜೆಯನ್ನೂ ಮರುಯೋಚಿಸಬೇಕಾಯಿತು. ಗಾಯಾಳುವಿನ ಬಳಿಗೆ ಅಗತ್ಯವಿದ್ದಷ್ಟೇ ಜನ ಹೋಗುವುದು, ಸಾಧ್ಯವಾದರೆ ದೂರದಿಂದಲೇ ರೋಗಲಕ್ಷಣ ವಿಚಾರಿಸುವುದು, ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಗಾಯಾಳುವಿಗೂ ಮಾಸ್ಕ್ ತೊಡಿಸುವುದು, ಬಳಸಿದ ಜಾರುಬಂಡಿ ಮತ್ತು ಪಟ್ಟಿಗಳನ್ನು ಶುಚಿಗೊಳಿಸುವುದು ಮುಖ್ಯ ಕ್ರಮಗಳಾದವು. ಆದರೆ ಬೆಟ್ಟ ಆಸ್ಪತ್ರೆಯಲ್ಲ. ಉಸಿರಿನ ತೇವಕ್ಕೆ ಮಾಸ್ಕ್ ಒದ್ದೆಯಾಗಿ ಹೆಪ್ಪುಗಟ್ಟುತ್ತದೆ, ಕನ್ನಡಕಕ್ಕೆ ಮಂಜು ಕವಿಯುತ್ತದೆ, ತೆಳು ಕೈಗವಸು ಚಳಿ ತಡೆಯದು.

ಅತ್ಯಂತ ಕಠಿಣ ಪ್ರಶ್ನೆ ಎದುರಾದದ್ದು ಹೃದಯ ಸ್ತಂಭನದಲ್ಲಿ: ಉಸಿರು ಕೊಡುವಾಗ ಸೋಂಕು ರಕ್ಷಕರಿಗೆ ದಾಟದಂತೆ ತಡೆಯುವುದು ಹೇಗೆ? ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2020ರ ಏಪ್ರಿಲ್‌ನಲ್ಲಿ ನೀಡಿದ ಮಧ್ಯಂತರ ಮಾರ್ಗಸೂಚಿಯು ರಕ್ಷಣಾ ಸಾಧನ ತೊಟ್ಟೇ ಹತ್ತಿರ ಹೋಗಲು, ಕೃತಕ ಉಸಿರಾಟದ ಚೀಲಕ್ಕೆ ಸೂಕ್ಷ್ಮ ಕಣಗಳನ್ನು ತಡೆಯುವ ಹೆಪಾ ಫಿಲ್ಟರ್ ಜೋಡಿಸಲು ಸೂಚಿಸಿತು. ಸಾಮಾನ್ಯ ಜನರು ವಯಸ್ಕರ ಎದೆ ಒತ್ತಿದರೆ ಸಾಕು ಎಂಬ ಸಲಹೆಯೂ ಅದರಲ್ಲಿತ್ತು. ಹಿಮಕುಸಿತದಲ್ಲಿ ಹೂತವರ ಸ್ಥಿತಿ ಬೇರೆ: ಅವರಲ್ಲಿ ಬಹುಪಾಲು ಮಂದಿ ಸಾಯುವುದು ಉಸಿರುಗಟ್ಟಿ. ಅವರಿಗೆ ಬೇಕಾದದ್ದೇ ಗಾಳಿ. ಅದನ್ನು ಸುರಕ್ಷಿತವಾಗಿ ಕೊಡಲು ಫಿಲ್ಟರ್ ಸಿಕ್ಕಿಸಿದ ಚೀಲ ಮೊದಲೇ ರಕ್ಷಕರ ಬಳಿ ಇರಬೇಕು.

ಮಹತ್ವ

ರಕ್ಷಕರ ಸುರಕ್ಷತೆ ಮತ್ತು ಗಾಯಾಳುವಿನ ಆರೈಕೆ ಪರಸ್ಪರ ವಿರೋಧಿಗಳಲ್ಲ ಎಂಬುದನ್ನು ಈ ಇತಿಹಾಸ ತೋರಿಸುತ್ತದೆ. ಸೋಂಕಿತ ರಕ್ಷಕ ತನ್ನ ತಂಡವನ್ನೇ ಮನೆಯಲ್ಲಿ ಕೂರಿಸಬಲ್ಲ; ಆಗ ಬೆಟ್ಟದಲ್ಲಿ ಬಿದ್ದವರ ಕರೆಗೆ ಓಗೊಡುವವರೇ ಕಡಿಮೆಯಾಗುತ್ತಾರೆ. ಮುನ್ನೆಚ್ಚರಿಕೆಯೂ ಚಿಕಿತ್ಸೆಯ ಭಾಗವೇ.