ಅಪ್ಪನ ವಾಚಿನ ಸದ್ದು

ಮೂರು ವರ್ಷದ ಹಿಂದಿನ ಮಾತು. ಎಂಟನೇ ತರಗತಿಯ ಪರೀಕ್ಷೆಗೆ ಮೇಲ್ವಿಚಾರಣೆ ಮಾಡುತ್ತಿದ್ದೆ. ಪ್ರಶ್ನೆಪತ್ರಿಕೆ ಹಂಚಿ ಮುಗಿದ ಮೇಲೆ ಕೊಠಡಿಯಲ್ಲಿ ಒಂದು ನಿಶ್ಶಬ್ದ ಹರಡುತ್ತದಲ್ಲ, ಆ ಹೊತ್ತಿನಲ್ಲಿ ಉತ್ತರಪತ್ರಿಕೆಗೆ ಸಹಿ ಹಾಕಲು ಕೈ ಚಾಚಿದೆ. ಮಣಿಕಟ್ಟಿನಿಂದ ‘ಗರ್‍ರ್’ ಎಂದಿತು, ಅದರ ಬೆನ್ನಿಗೇ ‘ಕರಕರ’. ಮುಂದಿನ ಬೆಂಚಿನ ಹುಡುಗಿ ತಲೆಯೆತ್ತಿ, “ಮಿಸ್, ನಿಮ್ಮ ವಾಚ್‌ನಾಗೆ ಏನೋ ಹುಳ ಹೊಕ್ಕಂಡೈತಿ” ಎಂದಳು.

‘ಗರ್’ ಹಳೆಯದು, ನನಗೆ ಗೊತ್ತಿದ್ದದ್ದು. ‘ಕರಕರ’ ಹೊಸತು.

ಅದು ನಮ್ಮ ತಂದೆಯ ವಾಚು, ಎಚ್.ಎಂ.ಟಿ. ಆಟೋಮ್ಯಾಟಿಕ್. ಅವರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಮನೆಯ ಲೆಕ್ಕ ನೋಡುತ್ತಿದ್ದಾಗ ನಾನು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಗಂಡಸರ ವಾಚು, ನನ್ನ ಕೈಗೆ ದೊಡ್ಡದು. ಬೆಲ್ಟಿಗೆ ಇನ್ನೆರಡು ತೂತು ಹೊಡೆಸಿ ಕಟ್ಟಿಕೊಂಡೆ.

ಅಸಲಿಗೆ ಅದು ಅಪ್ಪನಿಗೆಂದು ಕೊಂಡದ್ದೂ ಅಲ್ಲ. 1981ರಲ್ಲಿ ನನ್ನ ಸೋದರತ್ತೆಗೆ ಒಂದು ಸಂಬಂಧ ಕೂಡಿಬಂದಿತ್ತು. ಆಗ ವರನಿಗೆ ಕೊಡುವ ಪಟ್ಟಿಯಲ್ಲಿ ವಾಚು ಇರಲೇಬೇಕು. ಅದರಲ್ಲೂ ಕೀಲಿ ಕೊಡದೆ ನಡೆಯುವ ಎಚ್.ಎಂ.ಟಿ. ಆದರೆ ಬೀಗರ ಮುಖ ಅರಳುತ್ತಿತ್ತು. ಚಿನ್ನದ ಬಣ್ಣದ ‘ಕಾಂಚನ್’ ಅಂತೂ ಮದುವೆಯ ವಾಚೆಂದೇ ಹೆಸರಾಗಿತ್ತು. ಅಪ್ಪ ಹೇಗೋ ಹೊಂದಿಸಿ ಒಂದು ಆಟೋಮ್ಯಾಟಿಕ್ ತಂದರು. ನಿಶ್ಚಿತಾರ್ಥಕ್ಕೆ ವಾರವಿರುವಾಗ ಗಂಡಿನವರು ಸ್ಕೂಟರೂ ಬೇಕೆಂದರು. ಮಾತು ಮುರಿಯಿತು. ವಾಚು ಕಪಾಟಿನಲ್ಲಿ ಕೊಳೆಯುವುದು ಬೇಡವೆಂದು ಅಪ್ಪ ಕೈಗೆ ಕಟ್ಟಿದರು. ಮುಂದೆ ಅತ್ತೆಯನ್ನು ಏನೂ ಕೇಳದೆ ಮದುವೆಯಾದ ಮಾವ ಕೊನೆಯವರೆಗೂ ವಾಚೇ ಕಟ್ಟಲಿಲ್ಲ ಎನ್ನುವುದು ನಮ್ಮ ಮನೆಯ ತಮಾಷೆ.

ಅಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿದ್ದರು. ತುಂಗಭದ್ರೆಯ ದಡದ ಆ ಊರಲ್ಲಿ 1941ರಿಂದ ಲೇತ್ ಯಂತ್ರ ತಯಾರಾಗುತ್ತಿತ್ತು. ಬೆಂಗಳೂರಿನ ಜಾಲಹಳ್ಳಿಯ ಎಚ್.ಎಂ.ಟಿ.ಯೂ 1953ರಲ್ಲಿ ಹುಟ್ಟಿದ್ದು ಇಂಥ ಯಂತ್ರ ಮಾಡಲಿಕ್ಕೇ. ವಾಚು ಬಂದದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ. ಮೊದಲ ವಾಚುಗಳನ್ನು ನೆಹರೂ ಬಿಡುಗಡೆ ಮಾಡಿದರು. 1978ರಲ್ಲಿ ತುಮಕೂರಿಗೂ ಕಾರ್ಖಾನೆ ಬಂತು. “ಲೇತ್ ಮಾಡೋರು ಮಾಡಿದ ವಾಚು, ಮೋಸ ಇರಲ್ಲ” ಎನ್ನುವುದು ಅಪ್ಪನ ತರ್ಕ. ಅವರ ಕಿವಿಯೂ ಕಾರ್ಖಾನೆಯ ಕಿವಿಯೇ. ಮನೆಯ ಫ್ಯಾನು ಸದ್ದು ಮಾಡಿದರೆ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಬೇರಿಂಗು ಹೋಗಿದೆಯೋ ಇಲ್ಲವೋ ಹೇಳುತ್ತಿದ್ದರು. ನಾವು ಮಕ್ಕಳು, ಡಾಕ್ಟರು ಬಂದರು ಎಂದು ನಗುತ್ತಿದ್ದೆವು.

ಕೀಲಿ ಕೊಡದೆ ವಾಚು ಹೇಗೆ ನಡೆಯುತ್ತದೆ? ಒಳಗೆ ಅರ್ಧಚಂದ್ರದಂಥ ಒಂದು ತೂಕದ ತುಂಡಿದೆ, ರೋಟರ್ ಎನ್ನುತ್ತಾರೆ. ಕೈ ಆಡಿದಂತೆ ಅದು ಸುತ್ತಿ ಸ್ಪ್ರಿಂಗನ್ನು ಬಿಗಿಯುತ್ತದೆ. ನಾವು ರೊಟ್ಟಿ ಬಡಿದರೂ ಸರಿ, ಬೋರ್ಡಿನ ಮೇಲೆ ಬರೆದರೂ ಸರಿ, ಅದಕ್ಕೆ ಊಟ. 18ನೇ ಶತಮಾನದಲ್ಲೇ ಸ್ವಿಟ್ಜರ್ಲೆಂಡಿನ ಪೆರೆಲೆ ಎಂಬಾತ ಜೇಬುಗಡಿಯಾರದಲ್ಲಿ ಇದನ್ನು ಪ್ರಯತ್ನಿಸಿದ್ದ. ಜೇಬಿನಲ್ಲಿ ಬೆಚ್ಚಗೆ ಮಲಗಿದ ಗಡಿಯಾರಕ್ಕೆ ಅಲುಗಾಟವೆಲ್ಲಿಂದ ಬರಬೇಕು! ಗಡಿಯಾರ ಮಣಿಕಟ್ಟಿಗೆ ಬಂದ ಮೇಲೆಯೇ ಈ ವಿದ್ಯೆಗೆ ಅರ್ಥ ಬಂತು. ಇಂಗ್ಲೆಂಡಿನ ಜಾನ್ ಹಾರ್ವುಡ್ 1923ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ವಾಚಿನಲ್ಲಿ ತೂಕ ಪೂರ್ತಿ ಸುತ್ತುತ್ತಿರಲಿಲ್ಲ. ಎರಡು ಕಡೆ ಸ್ಪ್ರಿಂಗಿಗೆ ಬಡಿದು ಹಿಂತಿರುಗುತ್ತಿತ್ತು. ಕಟ್ಟಿದವರಿಗೆ ಕೈಯಲ್ಲಿ ಆ ಗುದ್ದು ತಿಳಿಯುತ್ತಿತ್ತು. 1931ರಲ್ಲಿ ರೋಲೆಕ್ಸ್ ಪೂರ್ತಿ ಸುತ್ತುವ ರೋಟರ್ ತಂದಿತು, ಗುದ್ದು ಹೋಯಿತು. 1948ರಲ್ಲಿ ಎಟರ್ನಾ ಕಂಪನಿ ರೋಟರನ್ನು ಪುಟ್ಟ ಗುಂಡುಗಳ ಬೇರಿಂಗಿನ ಮೇಲೆ ಕೂರಿಸಿತು. ಆ ಐದು ಗುಂಡುಗಳೇ ಅದರ ಗುರುತಾದವು. ಬಡಿತ ಹೋಗಿ ‘ಗರ್’ ಬಂತು.

ನಾನು ಮೊದಲು ಹೋದದ್ದು ದಾವಣಗೆರೆಯದೇ ಒಂದು ಅಂಗಡಿಗೆ. ಹುಡುಗ ವಾಚನ್ನು ಕಿವಿಗೂ ಇಡಲಿಲ್ಲ. “ಇದಕ್ಕೆ ಸಾಮಾನು ಸಿಗಲ್ಲ ಮೇಡಂ. ಒಳಗಿಂದು ತೆಗೆದು ಕ್ವಾರ್ಟ್ಜ್ ಮಷೀನ್ ಹಾಕಿಕೊಡ್ತೀನಿ, ಸದ್ದೇ ಇರಲ್ಲ” ಎಂದ. ಸಾಮಾನಿನ ಮಾತು ಪೂರ್ತಿ ಸುಳ್ಳಲ್ಲ. ಕ್ವಾರ್ಟ್ಜ್ ಬಂದ ಮೇಲೆ, 1984ರಲ್ಲಿ ಶುರುವಾದ ಟೈಟನ್ ಹೊಸೂರಿನಿಂದ ವಾಚು ಕಳಿಸತೊಡಗಿದ ಮೇಲೆ, ಎಚ್.ಎಂ.ಟಿ. ಸೋಲುತ್ತಲೇ ಹೋಯಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಅದರ ವಾಚು ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಹರಿಹರದ ಲೇತ್ ಕಾರ್ಖಾನೆ ಅದಕ್ಕೂ ಎಷ್ಟೋ ಮೊದಲೇ ಮುಚ್ಚಿತ್ತು. ಆದರೂ ಸದ್ದೇ ಇರುವುದಿಲ್ಲ ಎಂಬ ಮಾತು ನನಗೆ ಹಿಡಿಸಲಿಲ್ಲ. ವಾಚನ್ನು ವಾಪಸು ಕಟ್ಟಿಕೊಂಡು ಬಂದೆ.

ಮರುದಿನ ಶಾಲೆಯ ಪ್ರಯೋಗಾಲಯದಿಂದ ದಿಕ್ಸೂಚಿ ತಂದು ವಾಚಿನ ಮೇಲಿಟ್ಟೆ. ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದರೆ ಸುರುಳಿಗಳು ಅಂಟಿಕೊಂಡು, ಟಿಕ್ ಟಿಕ್ ತಾಳ ತಪ್ಪಿ ವಾಚು ಓಡತೊಡಗುತ್ತದೆ ಎಂದು ಓದಿದ್ದೆ. ಮುಳ್ಳು ಅದುರಲಿಲ್ಲ. ಹೊತ್ತೂ ಸರಿಯಾಗಿತ್ತು. ಅಂದರೆ ಎದೆಬಡಿತ ಚೆನ್ನಾಗಿದೆ, ನೋವಿರುವುದು ಬೇರೆಲ್ಲೋ.

ಭಾನುವಾರ ಹರಿಹರಕ್ಕೆ ಬಸ್ಸು ಹತ್ತಿದೆ. ಅಲ್ಲಿ ಹರಿಹರೇಶ್ವರ ದೇವಸ್ಥಾನದ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಮೇಜು ಹಿಡಿಸುವಷ್ಟೇ ಜಾಗದಲ್ಲಿ, ಒಬ್ಬ ಅಜ್ಜ ವಾಚು ರಿಪೇರಿ ಮಾಡುತ್ತಾರೆ. ಅವರು ಮುಚ್ಚಳ ಬಿಚ್ಚುವ ಮೊದಲು ಪೂರ್ತಿ ಐದು ನಿಮಿಷ ಕೇಳಿದರು. ಮುಖ ಮೇಲೆ ಮಾಡಿ ಮೆಲ್ಲಗೆ ತಿರುಗಿಸಿದರು: ಕರಕರ. ಮುಖ ಕೆಳಗೆ ಮಾಡಿದರು: ಬರೀ ಗರ್. ಅಡ್ಡ ಕುಲುಕಿದರು, ಟಕಟಕ ಎನ್ನಲಿಲ್ಲ.

“ಟಕಟಕ ಅಂದಿದ್ರೆ ಮಷೀನನ್ನ ಬಿಗಿದ ಸ್ಕ್ರೂ ಸಡ್ಲಾಗೈತಿ ಅಂತಿದ್ದೆ. ಇದು ಅದಲ್ಲವ್ವ. ಮುಖ ಮೇಲಾದಾಗ ರೋಟರ್ ಕೆಳಗೆ ಜೋತು ಮುಚ್ಚಳಕ್ಕೆ ತಿಕ್ಕತೈತಿ. ಬೇರಿಂಗು ಸವೆದೈತಿ, ನೋಡು ಬೇಕಾರೆ.”

ಬಿಚ್ಚಿ ತೋರಿಸಿದರು. ಮುಚ್ಚಳದ ಒಳಮೈಯಲ್ಲಿ ಬಳೆಯಾಕಾರದ ಗೀರು ಹೊಳೆಯುತ್ತಿತ್ತು. ಗೀರಿನ ಲೋಹದ ಪುಡಿ ಯಂತ್ರದೊಳಗೆ ಇಳಿದರೆ ಚಕ್ರಗಳೆಲ್ಲ ಕೆಡುತ್ತವಂತೆ. ಇನ್ನು ಆರು ತಿಂಗಳು ಹಾಗೇ ಕಟ್ಟಿದ್ದರೆ ಆ ಅಂಗಡಿಯ ಹುಡುಗ ಹೇಳಿದ್ದೇ ನಿಜವಾಗುತ್ತಿತ್ತು.

“ಮತ್ತೆ ಆ ಗರ್?” ಎಂದೆ.

“ಅದು ರೋಗಲ್ಲ, ಅದರ ಸ್ವಭಾವ. ಈ ಜಾತಿ ವಾಚಿನಾಗೆ ರೋಟರ್ ಒಂದು ಕಡೆ ತಿರುಗಿದ್ರೆ ಕೀಲಿ ಆಗತೈತಿ. ಇನ್ನೊಂದು ಕಡೆ ಸುಮ್ನೆ ಓಡತೈತಿ. ಸುಮ್ನೆ ಓಡೋವಾಗ್ಲೇ ಗದ್ಲ ಜಾಸ್ತಿ.” ಹೇಳಿ ಅವರೇ ನಕ್ಕರು.

ಡಬ್ಬಿಯಲ್ಲಿದ್ದ ಅದೇ ಜಾತಿಯ ಸತ್ತ ವಾಚೊಂದರಿಂದ ಬೇರಿಂಗು ಸಮೇತ ರೋಟರ್ ತೆಗೆದು ಹಾಕುವುದಾಗಿ, ಯಂತ್ರ ತೊಳೆದು ಎಣ್ಣೆ ಬಿಡುವುದಾಗಿ ಹೇಳಿದರು. ಎಣ್ಣೆ ಹೆಚ್ಚು ಬಿಟ್ಟು ಗರ್ ಅನ್ನೂ ಅಡಗಿಸಬೇಡಿ ಎಂದೆ. ಇಂಥ ಗಿರಾಕಿಯನ್ನು ಅವರು ನೋಡಿರಲಿಕ್ಕಿಲ್ಲ.

ಮುಂದಿನ ಭಾನುವಾರ ವಾಚು ಪಡೆದು ಅತ್ತೆಯ ಮನೆಗೆ ಹೋದೆ. ಅವರಿಗೀಗ ಕಣ್ಣು ಅಷ್ಟಕ್ಕಷ್ಟೆ. ವಾಚು ಬಿಚ್ಚಿ ಕೈಗಿಟ್ಟೆ. ಕುಲುಕಿ ಕಿವಿಗೆ ಹಿಡಿದರು. ಗರ್ ಎಂದಿತು. ಮತ್ತೊಮ್ಮೆ ಕುಲುಕಿದರು.

“ಅಣ್ಣ ಪಡಸಾಲಿಗೆ ಬಂದ್ರೆ ಹಿಂಗೇ ಕೇಳ್ತಿತ್ತು” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ರಿಪೇರಿಯೋರು ಎಷ್ಟು ತಗಂಡ್ರು?” ಎಂದು ಕೇಳಿದರು.

“ಏಳ್ನೂರು, ಅತ್ತೆ.”

“ಹೋಗ್ಲಿ ಬಿಡು. ಸ್ಕೂಟರು ಕೇಳಲಿಲ್ವಲ್ಲ!”