ಖಂಡಸ್ಫುಟಿತದಿಂದ ಕಾಂಕ್ರೀಟಿನವರೆಗೆ: ಕೋಲಾರ ಸೀಮೆಯ ವಾಸದ ಮನೆಗಳ ದುರಸ್ತಿ

ಕೋಲಾರ ಜಿಲ್ಲೆಯ ಚರಿತ್ರೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಶಾಸನ, ದೇವಾಲಯ, ಕೆರೆ ಹಾಗೂ ಚಿನ್ನದ ಗಣಿಗಳನ್ನು ಕೇಂದ್ರವಾಗಿರಿಸಿಕೊಂಡು ನಡೆದಿವೆ. ಜನಸಾಮಾನ್ಯರ ವಾಸದ ಮನೆಗೆ ಈ ಅಧ್ಯಯನಗಳಲ್ಲಿ ದೊರೆತಿರುವ ಸ್ಥಾನ ಅತ್ಯಲ್ಪ. ಕಟ್ಟಿದ ಮನೆಯನ್ನು ಜನರು ಹೇಗೆ ಉಳಿಸಿಕೊಂಡು ಬಂದರು ಎಂಬ ಪ್ರಶ್ನೆಯಂತೂ ಕೇಳಲ್ಪಟ್ಟದ್ದೇ ವಿರಳ. ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಸೋರುವ ಮಾಳಿಗೆಯನ್ನು ವರ್ಷವರ್ಷವೂ ಮುಚ್ಚಿದವನ ಹೆಸರು ಉಳಿಯುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಮನೆಯ ಚಾವಣಿ, ಗೋಡೆಗಳ ದುರಸ್ತಿ ಒಂದು ಕಾಲಕ್ಕೆ ವ್ಯವಸಾಯದಷ್ಟೇ ನಿಯತವಾದ ಋತುಕಾರ್ಯವಾಗಿತ್ತು. ಕಾಂಕ್ರೀಟು ಬಂದ ಮೇಲೆ ದುರಸ್ತಿಯೇ ಬೇಡವೆಂಬ ನಂಬಿಕೆ ಬೆಳೆಯಿತು. ಇಂದು ಈ ಭಾಗದ ಸಾವಿರಾರು ಮನೆಗಳ ಚಾವಣಿಯಿಂದ ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿರುವ ಕಾಂಕ್ರೀಟು ಆ ನಂಬಿಕೆಯ ಫಲವೂ ಹೌದು.

ಶಾಸನಗಳಲ್ಲಿ ದುರಸ್ತಿಗೆ ಗೌರವದ ಸ್ಥಾನವಿದೆ. ಕರ್ನಾಟಕದ ದಾನಶಾಸನಗಳಲ್ಲಿ ಪದೇ ಪದೇ ಬರುವ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಒಡೆದದ್ದನ್ನು, ಬಿರಿದದ್ದನ್ನು, ಹಳತಾದದ್ದನ್ನು ಸರಿಪಡಿಸುವ ವೆಚ್ಚಕ್ಕೆ ಭೂಮಿಯನ್ನೋ ಆದಾಯವನ್ನೋ ಬಿಟ್ಟುಕೊಟ್ಟುದನ್ನು ಸೂಚಿಸುತ್ತದೆ. ಕೆಲವೆಡೆ ಇದರೊಡನೆ ‘ನವಸುಧಾಕರ್ಮ’ ಎಂಬ ಮಾತೂ ಸೇರಿಕೊಳ್ಳುತ್ತದೆ. ಸುಧೆಯೆಂದರೆ ಸುಣ್ಣದ ಗಾರೆ. ಹೊಸ ಗಾರೆ ಬಳಿಯುವ ಕೆಲಸಕ್ಕೂ ಕಟ್ಟುವಾಗಲೇ ದತ್ತಿ ಮೀಸಲಾಗುತ್ತಿತ್ತು. ಬಿ.ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಗಳಲ್ಲಿ ಕೋಲಾರಮ್ಮ ದೇವಾಲಯದ ತಮಿಳು ಶಾಸನಗಳು ಪ್ರಸಿದ್ಧವಾಗಿವೆ. ರಾಜೇಂದ್ರ ಚೋಳನ ಕಾಲದಲ್ಲಿ ಅಲ್ಲಿನ ಇಟ್ಟಿಗೆಯ ಕಟ್ಟಡವನ್ನು ಕಲ್ಲಿನಲ್ಲಿ ಮರುನಿರ್ಮಿಸಿದ ಸಂಗತಿ ಅವುಗಳಿಂದ ತಿಳಿದುಬರುತ್ತದೆ. ಇವೆಲ್ಲ ದೇಗುಲಕ್ಕೆ ಸಂಬಂಧಿಸಿದ ಏರ್ಪಾಡುಗಳು. ಒಕ್ಕಲಿನ ಮನೆಗೆ ಯಾರೂ ದತ್ತಿ ಬಿಡಲಿಲ್ಲ. ಆದರೂ ಕಟ್ಟಡವೆಂದರೆ ಬಿರಿಯುವಂಥದು, ಬಿರಿದುದನ್ನು ಮುಚ್ಚುವ ಹೊಣೆ ಕಟ್ಟಿದ ದಿನದಿಂದಲೇ ತೊಡಗುತ್ತದೆ ಎಂಬ ತಿಳಿವಳಿಕೆ ಇವೆರಡಕ್ಕೂ ಸಮಾನವಾಗಿತ್ತು.

ಈ ನಾಲ್ಕು ತಾಲ್ಲೂಕುಗಳ ಹವೆಯನ್ನು ಮೊದಲು ಗಮನಿಸಬೇಕು. ಸಮುದ್ರಮಟ್ಟದಿಂದ ಎಂಟು ನೂರು ಮೀಟರಿಗೂ ಎತ್ತರದಲ್ಲಿರುವ ಈ ಮೈದಾನ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿಗಳು ಮಳೆ ಬಂದಾಗ ಮಾತ್ರ ನದಿಗಳು. ಪುಷ್ಯಮಾಸದ ರಾತ್ರಿ ಮೈಕೊರೆಯುವ ಚಳಿಯಿದ್ದರೂ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಅದು ಇಳಿಯುವುದಿಲ್ಲ. ಶೀತದೇಶಗಳಲ್ಲಿ ಕಾಂಕ್ರೀಟಿನ ಮೊದಲ ಶತ್ರು ಹಿಮ. ರಂಧ್ರಗಳಲ್ಲಿ ನಿಂತ ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗಿ ಮೇಲ್ಪದರವನ್ನು ಸಿಡಿಸುತ್ತದೆ. ಅದನ್ನು ತಡೆಯಲು ಕಾಂಕ್ರೀಟಿನೊಳಗೆ ಸೂಕ್ಷ್ಮ ಗಾಳಿಗುಳ್ಳೆಗಳನ್ನು ಉಳಿಸುವ ವಿಧಾನ ಅಮೆರಿಕದಲ್ಲಿ 1930ರ ದಶಕದಲ್ಲಿ ರೂಪುಗೊಂಡಿತು. ಭಾರತೀಯ ಮಾನಕ ಸಂಸ್ಥೆಯೂ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಕಾಂಕ್ರೀಟು ಹಾಕುವ ಬಗೆಗೆ 1981ರಲ್ಲಿ ಪ್ರತ್ಯೇಕ ಸಂಹಿತೆಯನ್ನು ಹೊರಡಿಸಿತು. ಹಿಮಾಲಯದ ತಪ್ಪಲಿಗೆ ಅದು ಬೇಕು. ಕೋಲಾರ ಸೀಮೆಯ ಸಂಕಟ ಬೇರೆ ಬಗೆಯದು. ಇಲ್ಲಿ ಕಟ್ಟುವಾಗ ನೀರು ಸಾಲದು. ಕಟ್ಟಿದ ಮೇಲೆ ಬೇಡವಾದ ಕಡೆ ನೀರು ಇಳಿಯುತ್ತದೆ. ಹಗಲ ಬಿಸಿಲಿಗೆ ಹಿಗ್ಗಿ ಇರುಳ ತಂಪಿಗೆ ಕುಗ್ಗುವ ಚಾವಣಿಯ ಬಿರುಕುಗಳಿಗೆ ಈಶಾನ್ಯ ಮಾರುತದ ಜಡಿಮಳೆ ಹೊಕ್ಕಾಗ ಅದರ ನಿಜವಾದ ಪರೀಕ್ಷೆ ನಡೆಯುತ್ತದೆ.

ಹಳೆಯ ಮಣ್ಣುಮಾಳಿಗೆಯ ಮನೆ ಈ ಪರೀಕ್ಷೆಯನ್ನು ಅರಿತು ಕಟ್ಟಿದುದಾಗಿತ್ತು. ತೊಲೆ, ಜಂತೆಗಳ ಮೇಲೆ ಕಡ್ಡಿಸೊಪ್ಪು ಹಾಸಿ, ಅದರ ಮೇಲೆ ಮಣ್ಣು ತುಳಿದು, ಕಡೆಗೆ ಚೌಳುಮಣ್ಣನ್ನು ಹರಡುತ್ತಿದ್ದರು. ತೆಲುಗು ಹೆಚ್ಚು ಬಳಕೆಯಲ್ಲಿರುವ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಇಂಥ ಮನೆಗೆ ಮಿದ್ದೆಯೆಂದೂ ಆ ಮಣ್ಣಿಗೆ ಚೌಡು ಎಂದೂ ಹೆಸರು. ಬೆಳೆಗೆ ಬಾರದ ಈ ಕ್ಷಾರಮಣ್ಣು ಮಾಳಿಗೆಗೆ ಮಾತ್ರ ಬಲು ಉಪಯುಕ್ತ. ಅದರಲ್ಲಿರುವ ಸೋಡಿಯಂ ಲವಣಗಳಿಂದಾಗಿ ಜೇಡಿಯ ಕಣಗಳು ನೆನೆದಾಗ ಬಿಡಿಬಿಡಿಯಾಗಿ ಹರಡಿ ಸಣ್ಣ ಸಂದುಗಳನ್ನೆಲ್ಲ ತುಂಬಿಕೊಳ್ಳುತ್ತವೆ. ಮೊದಲ ಮಳೆಗೇ ಮೇಲ್ಪದರ ನೀರು ಬಿಡದಂತೆ ಬಿಗಿಯುತ್ತದೆ. ಹೊಲವನ್ನು ಹಾಳುಮಾಡುವ ಗುಣವೇ ಮನೆಯನ್ನು ಕಾಯುತ್ತಿತ್ತು. ಮಳೆಗೆ ಕೊಚ್ಚಿಹೋದಷ್ಟು ಮಣ್ಣನ್ನು ಮುಂಗಾರಿಗೆ ಮೊದಲು ಮತ್ತೆ ಹಾಕಲೇಬೇಕು. ಅದಕ್ಕೆ ಹಣ ಬೇಕಿರಲಿಲ್ಲ. ಊರ ಹೊರಗಿನ ಚೌಳುನೆಲ, ಒಂದು ಗಾಡಿ, ಮನೆಮಂದಿಯ ಎರಡು ದಿನದ ದುಡಿಮೆ ಸಾಕಾಗಿತ್ತು. ಆ ಎರಡು ದಿನ ತಪ್ಪಿದ ಮನೆಯಲ್ಲಿ ಜಂತೆ ಕೊಳೆಯಲು ತೊಡಗುತ್ತಿತ್ತು.

ಸ್ವಲ್ಪ ಅನುಕೂಲವುಳ್ಳವರ ಮನೆಗೆ ಕಲ್ಲುಚಪ್ಪಡಿಯ ಚಾವಣಿ. ನೆಲದ ಮೇಲೆ ಮೈದೋರಿದ ಗ್ರಾನೈಟು ಹಾಸುಬಂಡೆಯ ಮೇಲೆ ಬೆಂಕಿಯನ್ನು ನಿಧಾನವಾಗಿ ಸರಿಸುತ್ತ ಹೋಗಿ ಪದರವನ್ನು ಎಬ್ಬಿಸುವ, ಬಳಿಕ ಉಳಿಯಿಂದ ಗುಳಿ ತೋಡಿ ಬೇಕಾದ ಅಳತೆಗೆ ಸೀಳುವ ವಿದ್ಯೆ ಬೆಂಗಳೂರು–ಕೋಲಾರ ಪ್ರಾಂತ್ಯದ ಕಲ್ಲುಕೆಲಸದವರಿಗೆ, ವಿಶೇಷವಾಗಿ ಭೋವಿಗಳಿಗೆ, ಕರತಲಾಮಲಕವಾಗಿತ್ತು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳು ಕಲ್ಲಿನಲ್ಲಿ ದೇವರನ್ನು ಕಡೆದರೆ ಇವರು ಅದೇ ಕಲ್ಲಿನಲ್ಲಿ ಸೂರನ್ನು ಸೀಳಿದರು. ಕೀರ್ತಿ ಬಂದದ್ದು ಮೊದಲಿನವರಿಗೆ ಮಾತ್ರ. ಗೋಡೆಯಿಂದ ಗೋಡೆಗೆ ಚಪ್ಪಡಿಗಳನ್ನು ಮಗ್ಗುಲಿಗೆ ಮಗ್ಗುಲು ಕೂರಿಸಿ, ಸಂದುಗಳಿಗೆ ಗಾರೆ ತುಂಬಿ, ಮೇಲೆ ವಾಟ ಕೊಟ್ಟು ಇಟ್ಟಿಗೆ ಜಲ್ಲಿಯ ಗಾರೆ ಹಾಕುತ್ತಿದ್ದರು. ಚಪ್ಪಡಿ ಸವೆಯುವುದಿಲ್ಲ. ಸಂದಿನ ಗಾರೆ ಬಿಡುತ್ತದೆ, ಅಲ್ಲಿ ನೀರು ಇಳಿಯುತ್ತದೆ. ದುರಸ್ತಿಯೆಂದರೆ ಆ ಸಂದನ್ನು ಕೆರೆದು ಮತ್ತೆ ತುಂಬುವುದು. ಮನೆಯನ್ನು ಕೆಡವಿದರೂ ಚಪ್ಪಡಿಯನ್ನು ಇಳಿಸಿ ಇನ್ನೊಂದು ಮನೆಗೆ ಏರಿಸಬಹುದಾಗಿತ್ತು, ಮಾರಲೂಬಹುದಾಗಿತ್ತು.

ಗಾರೆಯ ತಯಾರಿಕೆ ಇಲ್ಲಿ ವಿವರಣೆಗೆ ಅರ್ಹವಾಗಿದೆ, ಏಕೆಂದರೆ ದುರಸ್ತಿಯ ಗುಟ್ಟೆಲ್ಲ ಅದರಲ್ಲಿತ್ತು. ಹೊಲಗಳಲ್ಲಿ, ಹಳ್ಳದ ದಂಡೆಗಳಲ್ಲಿ ಗಂಟುಗಂಟಾಗಿ ಸಿಗುವ ಸುಣ್ಣಕಲ್ಲನ್ನು ಆಯ್ದು ಗೂಡಿನಲ್ಲಿ ಸುಟ್ಟು, ನೀರೆರೆದು ಅರಳಿಸಿ, ಮರಳಿನೊಡನೆ ಎತ್ತುಗಳು ಎಳೆಯುವ ಗಾಣದಲ್ಲಿ ಅರೆಯುತ್ತಿದ್ದರು. ಈ ಸುಣ್ಣಕಲ್ಲಿನಲ್ಲಿ ಜೇಡಿಯ ಅಂಶ ಸಹಜವಾಗಿಯೇ ಬೆರೆತಿರುವುದರಿಂದ ಅದರ ಗಾರೆ ತೇವದಲ್ಲಿಯೂ ಗಟ್ಟಿಯಾಗುತ್ತದೆ. ನುಣ್ಣನೆ ಕುಟ್ಟಿದ ಇಟ್ಟಿಗೆಪುಡಿ, ಅಂದರೆ ಸುರ್ಕಿ, ಸೇರಿದರೆ ಆ ಗುಣ ಇನ್ನೂ ಹೆಚ್ಚು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸುವ ವಾಡಿಕೆಯೂ ಇತ್ತು. ತಾರಸಿಯ ಮೇಲೆ ಹರಡಿದ ಜಲ್ಲಿಗಾರೆಯನ್ನು ಹೆಂಗಸರು ಸಾಲಾಗಿ ಕುಳಿತು ಮರದ ಹಲಗೆಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಹಲಗೆ ಪುಟಿದೇಳುವವರೆಗೆ ಬಡಿತ ನಿಲ್ಲುತ್ತಿರಲಿಲ್ಲ. ಸುಣ್ಣ ಮತ್ತು ಗಾರೆಯ ಕೆಲಸದಲ್ಲಿ ಉಪ್ಪಾರರು ಹೆಸರಾಗಿದ್ದರು. ಸುಣ್ಣದ ಗಾರೆ ಸಿಮೆಂಟಿನಷ್ಟು ಗಡುಸಲ್ಲ. ಅದರ ಮೃದುತ್ವವೇ ಅದರ ಬಲ: ಗೋಡೆ ಅಲುಗಿದರೆ ಅದೂ ಅಲುಗುತ್ತದೆ, ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ, ಕೂದಲೆಳೆಯ ಬಿರುಕನ್ನು ಮಳೆನೀರಿನಲ್ಲಿ ಕರಗಿದ ಸುಣ್ಣದಿಂದ ಕಾಲಾಂತರದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ.

ಭಾರತದಲ್ಲಿ ಸಿಮೆಂಟು ತಯಾರಿಕೆಯ ಮೊದಲ ಯತ್ನ 1904ರಲ್ಲಿ ಮದ್ರಾಸಿನಲ್ಲಿ ನಡೆಯಿತು. 1914ರಲ್ಲಿ ಪೋರಬಂದರಿನಲ್ಲಿ ಉತ್ಪಾದನೆ ನೆಲೆಗೊಂಡಿತು. ಮೈಸೂರು ಸಂಸ್ಥಾನದಲ್ಲಿ ಭದ್ರಾವತಿಯ ಕಾರ್ಖಾನೆ 1930ರ ದಶಕದ ಕೊನೆಗೆ ಸಿಮೆಂಟನ್ನು ಒದಗಿಸತೊಡಗಿತು. ಆದರೆ ಹಳ್ಳಿಯ ಮನೆಗೆ ಅದು ಬರಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಬೆಲೆ ಮತ್ತು ವಿತರಣೆಗಳು ಸರ್ಕಾರದ ಹತೋಟಿಯಲ್ಲಿದ್ದ ಕಾಲದಲ್ಲಿ ಪರ್ಮಿಟ್ಟಿಲ್ಲದೆ ಚೀಲ ಸಿಗುವುದು ಕಷ್ಟವಾಗಿತ್ತು. 1982ರಲ್ಲಿ ಹತೋಟಿ ಭಾಗಶಃ ಸಡಿಲಗೊಂಡು 1989ರಲ್ಲಿ ಪೂರ್ಣವಾಗಿ ತೆರವಾಯಿತು. 1970ರ ದಶಕದ ಜನತಾ ಮನೆಗಳ ಕಾಲಕ್ಕೂ 1991–92ರಲ್ಲಿ ಆರಂಭವಾದ ಆಶ್ರಯ ಯೋಜನೆಯ ಕಾಲಕ್ಕೂ ನಡುವೆ ಕಟ್ಟಡ ಸಾಮಗ್ರಿಯ ಪ್ರಪಂಚವೇ ಮಗ್ಗುಲು ಬದಲಿಸಿತ್ತು. ಕಲ್ಲುಚಪ್ಪಡಿ ಬಡವರ ಗುರುತಾಯಿತು. ಮೋಲ್ಡಿಂಗ್ ಹಾಕಿದ ಚಾವಣಿ ಪ್ರತಿಷ್ಠೆಯ ಗುರುತಾಯಿತು. ಗಾರೆಯ ಗಾಣಗಳು ನಿಂತವು. ಆದರೂ ಮೇಸ್ತ್ರಿಗಳಿಗೆ ‘ಗಾರೆಯವರು’ ಎಂಬ ಹೆಸರು ಉಳಿದುಬಂದಿದೆ. ಅವರಲ್ಲಿ ಬಹುಪಾಲು ಮಂದಿ ಸುಣ್ಣವನ್ನು ಅರಳಿಸಿದವರಲ್ಲ.

ಸಿಮೆಂಟು ಸ್ವತಃ ದೋಷಿಯಲ್ಲ. ಅದು ಕೇಳುವ ಶಿಸ್ತು ಈ ನೆಲದಲ್ಲಿ ದೊರೆಯಲಿಲ್ಲ. ಕಬ್ಬಿಣ ಸೇರಿದ ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ ಸಂಹಿತೆ 456 ಮೊದಲು ಹೊರಟದ್ದು 1953ರಲ್ಲಿ. ಅದರ 2000ದ ಪರಿಷ್ಕರಣೆ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ 10 ದಿನ ನೀರುಣಿಸಬೇಕೆಂದು ವಿಧಿಸುತ್ತದೆ. ಬೇಸಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರು ಕಾಯುವ ಊರಿನಲ್ಲಿ, ಸಾವಿರ ಅಡಿ ಕೊರೆದರೂ ಬೋರುಬಾವಿ ಬರಿದಾಗುವ ಸೀಮೆಯಲ್ಲಿ, ಚಾವಣಿಯ ಮೇಲೆ ಪಾತಿ ಕಟ್ಟಿ ಹತ್ತು ದಿನ ನೀರು ನಿಲ್ಲಿಸುವುದು ಎಷ್ಟು ಮನೆಗಳಿಗೆ ಸಾಧ್ಯವಾದೀತು? ಬೆಳಗೊಮ್ಮೆ ಸಂಜೆಯೊಮ್ಮೆ ಬಿಂದಿಗೆಯಿಂದ ಚಿಮುಕಿಸಿದ ನೀರು ಮಧ್ಯಾಹ್ನದ ಬಿಸಿಲಿಗೆ ಆರಿಹೋಗುತ್ತಿತ್ತು. ಹಾಗೆ ಬಾಯಾರಿದ ಕಾಂಕ್ರೀಟು ಒಳಗೊಳಗೇ ರಂಧ್ರಮಯವಾಗಿ ಉಳಿಯುತ್ತದೆ.

ಮರಳಿನ ಕಥೆ ಇದಕ್ಕಿಂತ ಶೋಚನೀಯ. ಹಳ್ಳಕೊಳ್ಳಗಳ ಮರಳು ಬರಿದಾದ ಮೇಲೆ ಕೋಲಾರ, ಮಾಲೂರು ಮೊದಲಾದ ತಾಲ್ಲೂಕುಗಳ ಕೆರೆಯಂಗಳ ಮತ್ತು ಜಮೀನುಗಳ ಮಣ್ಣನ್ನು ಅಗೆದು ತೊಳೆದು ‘ಫಿಲ್ಟರ್ ಮರಳು’ ತೆಗೆಯುವ ಅಕ್ರಮ ದಂಧೆ ಬೆಳೆಯಿತು. ಬೆಂಗಳೂರಿನ ಕಟ್ಟಡಗಳ ಹಸಿವು ಅದಕ್ಕೆ ಇಂಬುಕೊಟ್ಟಿತು. ತೊಳೆಯಲು ಅಂತರ್ಜಲವೇ ವ್ಯಯವಾಯಿತು. ಎಷ್ಟು ತೊಳೆದರೂ ಕಣಕಣಕ್ಕೆ ಅಂಟಿದ ಜೇಡಿ ಪೂರ್ತಿ ಬಿಡುವುದಿಲ್ಲ. ಜೇಡಿಯ ಲೇಪವಿದ್ದ ಮರಳಿಗೆ ಸಿಮೆಂಟು ಹಿಡಿಯುವುದಿಲ್ಲ. ಸಹಜ ಮರಳಿನಲ್ಲಿ 75 ಮೈಕ್ರಾನಿಗಿಂತ ಸಣ್ಣ ಕಣಗಳು ಶೇಕಡಾ 3ನ್ನು ಮೀರಬಾರದೆಂಬುದು ಮಾನಕ ಸಂಹಿತೆ 383ರ ಮಿತಿ. ಶತಮಾನಗಳಿಂದ ಊರಿನವರು ಹೂಳೆತ್ತಿ ಕಾಪಾಡಿಕೊಂಡು ಬಂದ ಕೆರೆಯ ಒಡಲು ಹೀಗೆ ಮನೆಯ ಚಾವಣಿಯಾಗಿ, ಎರಡನ್ನೂ ಕೆಡಿಸಿತು. ಈಗ ಕಲ್ಲನ್ನು ಪುಡಿಮಾಡಿದ ಎಂ-ಸ್ಯಾಂಡ್ ಆ ಸ್ಥಾನಕ್ಕೆ ಬಂದಿದೆ.

ಇಂಥ ಚಾವಣಿ ಕೆಡುವ ಕ್ರಮ ಹೀಗಿದೆ. ಹೊಸ ಕಾಂಕ್ರೀಟಿನ ತೀವ್ರ ಕ್ಷಾರಗುಣ ಒಳಗಿನ ಸರಳಿಗೆ ತುಕ್ಕು ತಗುಲದಂತೆ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ರಂಧ್ರಗಳ ಮೂಲಕ ಒಳಹೊಕ್ಕಂತೆ ಆ ಕ್ಷಾರಗುಣ ಕುಂದುತ್ತ ಹೋಗುತ್ತದೆ. ಚಾವಣಿಯ ಸರಳಿನ ಮೇಲೆ ಕನಿಷ್ಠ 15 ಮಿ.ಮೀ. ಹೊದಿಕೆಯನ್ನು 1978ರ ಸಂಹಿತೆ ಕೇಳಿತ್ತು. 2000ದಲ್ಲಿ ಸೌಮ್ಯ ಪರಿಸರಕ್ಕೂ 20 ಮಿ.ಮೀ. ನಿಗದಿಯಾಯಿತು. ಸರಳಿನ ಕೆಳಗೆ ಬಿಲ್ಲೆ ಇಡದೆ ಕಾಂಕ್ರೀಟು ಸುರಿದ ಮನೆಯಲ್ಲಿ ಸರಳು ಸೆಂಟ್ರಿಂಗ್ ಹಲಗೆಗೇ ತಾಗಿರುತ್ತದೆ. ಅಲ್ಲಿ ತೇವ ಸೇರಿದೊಡನೆ ತುಕ್ಕು ಹಲವು ಪಟ್ಟು ಉಬ್ಬಿ ತಳಪದರವನ್ನು ಒತ್ತಿ ಉದುರಿಸುತ್ತದೆ. ಮೊದಲು ಕೆಡುವುದು ಸಜ್ಜ, ಆಮೇಲೆ ಬಚ್ಚಲಿನ ಮೇಲ್ಚಾವಣಿ.

ಇದಕ್ಕೆ ಸಾಮಾನ್ಯವಾಗಿ ನಡೆಯುವ ಉಪಚಾರವೆಂದರೆ ಉದುರಿದ ಜಾಗಕ್ಕೆ ಸಿಮೆಂಟು ಮೆತ್ತಿ ಸುಣ್ಣ ಬಳಿಯುವುದು. ತುಕ್ಕು ಒಳಗೇ ಉಳಿದುದರಿಂದ ಒಂದೆರಡು ಮಳೆಗಾಲಗಳಲ್ಲಿ ಅದೂ ಕಳಚುತ್ತದೆ. ಸಡಿಲವಾದುದನ್ನೆಲ್ಲ ಸರಳಿನ ಹಿಂಬದಿಯವರೆಗೆ ಕೆತ್ತಿ ತೆಗೆದು, ಸರಳನ್ನು ಉಜ್ಜಿ ತುಕ್ಕು ಬಿಡಿಸಿ, ಸವೆದಿದ್ದರೆ ಹೊಸ ಸರಳು ಕಟ್ಟಿ, ಅಂಟುಲೇಪ ಕೊಟ್ಟು, ಪಾಲಿಮರ್ ಬೆರೆತ ಗಾರೆಯನ್ನು ಪದರಪದರವಾಗಿ ತುಂಬಿ, ಅದಕ್ಕೂ ನೀರುಣಿಸಿದರೆ ಮಾತ್ರ ದುರಸ್ತಿ ನಿಲ್ಲುತ್ತದೆ. ಅದಕ್ಕೂ ಮುನ್ನ ಮೇಲಿನ ಸೋರಿಕೆ ನಿಲ್ಲಬೇಕು. ತಾರಸಿಗೆ ವಾಟ ಸರಿಯಾಗಬೇಕು. ಈ ಕೊನೆಯ ಮಾತು ಹಳೆಯ ಗಾರೆಯವರಿಗೆ ಹೇಳಿಕೊಡಬೇಕಾದುದಾಗಿರಲಿಲ್ಲ. ಹಳೆಯ ಚಪ್ಪಡಿ ಮನೆಗಳ ಮೇಲೆ ಗಡುಸು ಸಿಮೆಂಟಿನ ಹೊದಿಕೆ ಹಾಕುವ ಪರಿಪಾಠ ಇನ್ನೊಂದು ಬಗೆಯ ಹಾನಿ. ಕಲ್ಲೂ ಸಿಮೆಂಟೂ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುವುದರಿಂದ ಹೊದಿಕೆ ಸಂದಿನ ಗುಂಟವೇ ಸೀಳುತ್ತದೆ, ಇಳಿದ ನೀರು ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮಣ್ಣುಗೋಡೆಯ ಮೇಲೆ ಭಾರವೂ ಏರುತ್ತದೆ.

2021ರ ನವೆಂಬರಿನ ಎಡೆಬಿಡದ ಮಳೆಯಲ್ಲಿ ಕೋಲಾರ ಜಿಲ್ಲೆಯ ಅನೇಕ ಮನೆಗಳು ಕುಸಿದವು. ಹೆಚ್ಚಾಗಿ ಬಿದ್ದವು ನೆನೆದ ಮಣ್ಣಿನ ಗೋಡೆಯ ಹಳೆಯ ಮನೆಗಳು. ಆ ವರ್ಷಗಳಲ್ಲಿ ಸರ್ಕಾರ ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿ ಪರಿಹಾರ ನೀಡುತ್ತಿತ್ತು: ಪೂರ್ಣ ಕುಸಿದುದಕ್ಕೆ 5 ಲಕ್ಷ ರೂಪಾಯಿ, ಕೊನೆಯ ವರ್ಗಕ್ಕೆ 50 ಸಾವಿರ. ವಸತಿ ಯೋಜನೆಗಳ ನೆರವೂ ಮುಖ್ಯವಾಗಿ ಹೊಸ ಮನೆ ಕಟ್ಟಲಿಕ್ಕೇ ಮೀಸಲು. ಕುಸಿಯದೆ ನಿಂತು, ಸಜ್ಜ ಉದುರಿ, ಸರಳು ಕಾಣುತ್ತಿರುವ ಆಶ್ರಯ ಮನೆಗಳ ಖಂಡಸ್ಫುಟಿತವನ್ನು ಅವುಗಳ ನಿವಾಸಿಗಳು ಕೂಲಿಯ ಹಣ ಉಳಿಸಿ, ಒಂದು ಮೂಟೆ ಸಿಮೆಂಟು ತಂದು ತಾವೇ ಮೆತ್ತಿಕೊಳ್ಳುತ್ತಿದ್ದಾರೆ.