ಸಕ್ಕರೆ ಕಾಯಿಲೆ ಇದ್ದವರು ರಾತ್ರಿ ಊಟ ಬಿಡಬಹುದೇ?

‘ರಾತ್ರಿ ಊಟ ಬಿಟ್ಟರೆ ಶುಗರ್ ತಾನಾಗಿಯೇ ಇಳಿಯುತ್ತದೆ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿರುತ್ತದೆ. ಇದು ಅರ್ಧ ಸತ್ಯ.

ತಡರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದರೆ ರಕ್ತದಲ್ಲಿ ಸಕ್ಕರೆ ಹೆಚ್ಚು ಹೊತ್ತು ಏರಿಯೇ ಇರಬಹುದು. ಹಾಗಾಗಿ ಬೇಗ, ಮಿತವಾಗಿ ಉಣ್ಣುವುದು ಒಳ್ಳೆಯದು.

ಆದರೆ ಊಟವನ್ನೇ ಬಿಡುವುದು ಬೇರೆ ಮಾತು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ನೀವು ಉಂಡರೂ, ಉಣ್ಣದಿದ್ದರೂ ಸಕ್ಕರೆ ಇಳಿಸುತ್ತಲೇ ಇರುತ್ತದೆ. ಆಗ ಗ್ಲೂಕೋಮೀಟರ್‌ನಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಕುಸಿಯಬಹುದು. ನಡುಕ, ಬೆವರು, ಎದೆಬಡಿತ, ಗೊಂದಲ ಇದರ ಲಕ್ಷಣಗಳು. ನಿದ್ದೆಯಲ್ಲಿದ್ದರೆ ಗೊತ್ತಾಗದೆಯೂ ಹೋಗಬಹುದು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಅಪಾಯ ಕಡಿಮೆ.

ಲಕ್ಷಣ ಕಂಡರೆ ಸುಮಾರು 15 ಗ್ರಾಂ, ಅಂದರೆ 3–4 ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ; 108ಕ್ಕೆ ಕರೆ ಮಾಡಿ.

ಏಕಾದಶಿ, ಶಿವರಾತ್ರಿ, ರಂಜಾನ್‌ಗೆ ಉಪವಾಸ ಮಾಡುವವರು ಔಷಧಿಯ ಹೊತ್ತು ಮತ್ತು ಪ್ರಮಾಣವನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ. ಸಂದೇಶ ಫಾರ್ವರ್ಡ್ ಮಾಡಿದವರಿಗೆ ನೀವು ನುಂಗುವ ಮಾತ್ರೆ ಯಾವುದೆಂದು ಗೊತ್ತಿರುವುದಿಲ್ಲ.